ಹಿತ್ತಲ ಗಿಡವೂ ಮದ್ದು: ಕಾಯಿಪಲ್ಲೆ ಮಡಿಯಲ್ಲಿ ಜೋಡಿ ಗಿಡಗಳು

ಈ ಪಾಠವನ್ನು ನಿಧಾನವಾಗಿ ಓದಿರಿ. ತಿಳಿಯದ ಶಬ್ದದ ಕೆಳಗೆ ಗೆರೆ ಎಳೆಯಿರಿ. ವರ್ಗದಲ್ಲಿ ಕೇಳಿರಿ.

ಜತ್ತ ತಾಲೂಕಿನ ಒಂದು ಹಳ್ಳಿ. ರಾತ್ರಿ ವರ್ಗ ಸುರುವಾಗಿತ್ತು. ಒಬ್ಬ ತಾಯಿ ಉಡಿಯಿಂದ ಒಂದು ಬದನೆಕಾಯಿ ತೆಗೆದಳು. ಪಾಟಿಯ ಪಕ್ಕ ಇಟ್ಟಳು. ನಡುವೆ ಮುರಿದು ತೋರಿಸಿದಳು.

"ನೋಡ್ರಿ ಅಕ್ಕಾರ. ಹೊರಗ ಎಷ್ಟ ಚಂದ ಐತಿ. ಒಳಗ ಹುಳ."

ಕಲಿಸುವ ಅಕ್ಕ ಕೇಳಿದಳು, "ಏನರ ಔಷಧ ಹೊಡದೀರೇನು?"

"ಹೊಡದೀನ್ರಿ. ನಮ್ಮ ಮನಿಯವರು ದ್ರಾಕ್ಷಿಗಿ ತಂದದ್ದು ಡಬ್ಬ್ಯಾಗ ಉಳಿದಿತ್ತು. ನಿನ್ನಿ ಸಂಜಿಕ ಹೊಡದೆ. ಇವತ್ತ ಮುಂಜಾನೆ ಹರಕೊಂಡೆ."

"ಪಲ್ಲೆ ಮಾಡಿದ್ರೇನು?"

"ಮಾಡೀನ್ರಿ. ಹುಳ ಇಲ್ಲದ್ದ ಆರಿಸಿ ಮಾಡೀನಿ. ಮಕ್ಕಳು ಉಂಡ ಸಾಲಿಗಿ ಹೋಗ್ಯಾವ."

ವರ್ಗ ಒಂದು ಗಳಿಗೆ ಸುಮ್ಮನಾಯಿತು. ಎಲ್ಲರ ಮನೆಯಲ್ಲೂ ಅಂಥ ಒಂದು ಡಬ್ಬಿ ಇತ್ತು.

ಆ ಮಕ್ಕಳಿಗೆ ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು. ದ್ರಾಕ್ಷಿಗೆ, ದಾಳಿಂಬೆಗೆ ತಂದ ಔಷಧ ಬದನೆಗೆ ಅಲ್ಲ. ಒಂದೊಂದು ಔಷಧ ಹೊಡೆದ ಮೇಲೆ ಇಂತಿಷ್ಟು ದಿನ ಕಾಯಿ ಹರಿಯಬಾರದು ಎಂಬ ಲೆಕ್ಕ ಇರುತ್ತದೆ. ಆ ಲೆಕ್ಕ ಡಬ್ಬಿಯ ಚೀಟಿಯಲ್ಲಿ ಬರೆದಿರುತ್ತದೆ. ಚೀಟಿಯ ಅಕ್ಷರ ಬಲು ಸಣ್ಣದು. ನಮ್ಮ ಕಡೆ ಸಿಗುವ ಡಬ್ಬಿಯ ಮೇಲೆ ಬೇರೆ ಭಾಷೆ ಇರಬಹುದು. ಅದಕ್ಕೆ ಮೊದಲು ಬಣ್ಣ ನೋಡಲು ಕಲಿಯಿರಿ. ಡಬ್ಬಿಯ ಮೇಲೆ ಒಂದು ಚೌಕ, ತುದಿಯ ಮೇಲೆ ನಿಲ್ಲಿಸಿದ ಹಾಗೆ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ. ಹಳದಿ ಇದ್ದರೆ ಅದಕ್ಕಿಂತ ತುಸು ಕಡಿಮೆ. ಆಮೇಲೆ ನೀಲಿ. ಕೊನೆಗೆ ಹಸಿರು. ಹಸಿರು ಇದ್ದರೂ ಅದು ವಿಷವೇ, ನೆನಪಿಡಿರಿ.

ಉಳಿದ ಔಷಧವನ್ನು ತಂಪು ಪಾನೀಯದ ಬಾಟಲಿಗೆ ಎಂದೂ ಹಾಕಬೇಡಿರಿ. ಮಕ್ಕಳು ಶರಬತ್ತು ಅಂತ ಕುಡಿಯುತ್ತಾರೆ. ಯಾರಿಗಾದರೂ ವಾಂತಿ, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ಮೈ ಬೆವರು ಕಂಡರೆ ಮನೆ ಮದ್ದು ಮಾಡುತ್ತ ಕೂಡಬೇಡಿರಿ. ಕೂಡಲೇ ದವಾಖಾನೆಗೆ ಒಯ್ಯಿರಿ. ಔಷಧದ ಡಬ್ಬಿಯನ್ನೂ ಸಂಗಡ ಒಯ್ಯಿರಿ. ಡಬ್ಬಿ ನೋಡಿದರೆ ಡಾಕ್ಟರರಿಗೆ ಯಾವ ವಿಷ ಎಂದು ತಿಳಿಯುತ್ತದೆ.

"ಹಂಗಾದ್ರ ಹುಳಕ್ಕ ಏನ ಮಾಡೂಣ್ರಿ ಅಕ್ಕಾರ?" ಅಂತ ಆ ತಾಯಿ ಕೇಳಿದಳು.

ಅದೇ ಈ ಪಾಠ.

ಕೊತ್ತಂಬರಿ ಹೂವಾಗಲಿ ಬಿಡಿರಿ

ಬದನೆಯ ಹುಳ ಹೇಗೆ ಬರುತ್ತದೆ? ಬಿಳಿ ಬಣ್ಣದ ಒಂದು ಸಣ್ಣ ಪತಂಗ ರಾತ್ರಿ ಬರುತ್ತದೆ. ಎಲೆ, ಕುಡಿ, ಮೊಗ್ಗಿನ ಮೇಲೆ ತತ್ತಿ ಇಡುತ್ತದೆ. ತತ್ತಿ ಒಡೆದು ಮರಿ ಹುಳ ಬರುತ್ತದೆ. ಅದು ಎಳೆ ಕುಡಿಯ ಒಳಗೆ ಹೊಗುತ್ತದೆ. ಕುಡಿ ಬಾಡಿ ಜೋತು ಬೀಳುತ್ತದೆ. ಕಾಯಿ ಬಂದ ಮೇಲೆ ಕಾಯಿಯ ಒಳಗೆ ಹೊಗುತ್ತದೆ. ಒಳಗೆ ಹೊಕ್ಕ ಹುಳಕ್ಕೆ ಮೇಲೆ ಹೊಡೆದ ಔಷಧ ತಾಗುವುದೇ ಇಲ್ಲ. ಹುಳ ಒಳಗೆ ಆರಾಮ ಇರುತ್ತದೆ, ವಿಷ ನಮ್ಮ ತಾಟಿಗೆ ಬರುತ್ತದೆ.

ಈ ಪತಂಗದ ತತ್ತಿಗೆ, ಮರಿಗೆ ವೈರಿಗಳು ಇದ್ದಾರೆ. ಟ್ರೈಕೋಗ್ರಾಮಾ ಎಂಬ ಒಂದು ಕಣಜ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಸಾಸಿವೆಗಿಂತಲೂ ಸಣ್ಣದು. ಅದು ಪತಂಗದ ತತ್ತಿಯ ಒಳಗೇ ತನ್ನ ತತ್ತಿ ಇಡುತ್ತದೆ. ಆಗ ತತ್ತಿಯಿಂದ ಹುಳ ಹುಟ್ಟುವುದಿಲ್ಲ, ಕಣಜ ಹುಟ್ಟುತ್ತದೆ. ಗುಲಗಂಜಿ ಹುಳವನ್ನು ನೀವು ನೋಡಿದ್ದೀರಿ. ಕೆಂಪು ಬೆನ್ನು, ಕರಿ ಚುಕ್ಕೆ. ಅದು ಹೇನನ್ನು ತಿನ್ನುತ್ತದೆ. ಅದರ ಮರಿ ಮಾತ್ರ ನೋಡಲು ಚಂದ ಇಲ್ಲ. ಕಪ್ಪಗೆ, ಮುಳ್ಳು ಮುಳ್ಳಾಗಿ ಇರುತ್ತದೆ. ಕೆಟ್ಟ ಹುಳ ಎಂದು ನಾವು ಹೊಸಕಿ ಹಾಕುತ್ತೇವೆ. ಹೊಸಕಬೇಡಿರಿ. ತಾಯಿಗಿಂತ ಮರಿಗೇ ಹಸಿವು ಹೆಚ್ಚು.

ಈ ಒಳ್ಳೆಯ ಹುಳಗಳು ನಮ್ಮ ಹಿತ್ತಲಕ್ಕೆ ಯಾಕೆ ಬರಬೇಕು? ಅವಕ್ಕೂ ಊಟ ಬೇಕಲ್ಲ. ಬೆಳೆದ ಕಣಜಕ್ಕೆ ಹೂವಿನ ಮಕರಂದ ಬೇಕು. ಅವುಗಳ ಬಾಯಿ ಸಣ್ಣದು. ದೊಡ್ಡ ಹೂವಿನ ಆಳಕ್ಕೆ ಮುಟ್ಟುವುದಿಲ್ಲ. ಕೊತ್ತಂಬರಿ, ಸಬ್ಬಸಗಿ, ಅಜವಾನ, ಬಡೇಸೋಪು ಇವುಗಳ ಹೂವು ಸಣ್ಣವು, ತೆರೆದ ಛತ್ರಿಯಂತೆ ಇರುತ್ತವೆ. ಸಣ್ಣ ಬಾಯಿಯ ಹುಳಕ್ಕೆ ಇದು ಸರಿಯಾದ ಪಂಕ್ತಿ.

ನಾವು ಏನು ಮಾಡುತ್ತೇವೆ? ಕೊತ್ತಂಬರಿ ಹೂವಾಗುವ ಮೊದಲೇ ಕಿತ್ತು ಪಲ್ಲೆಗೆ ಹಾಕುತ್ತೇವೆ. ಇನ್ನು ಮುಂದೆ ಹೀಗೆ ಮಾಡಿರಿ. ಎರಡು ಸಾಲು ಬದನೆಗೆ ಒಂದು ಸಾಲು ಕೊತ್ತಂಬರಿ ಹಾಕಿರಿ. ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿರಿ. ರಾತ್ರಿ ನೆನೆ ಹಾಕಿ ಬಿತ್ತಿರಿ. ಅರ್ಧ ಸಾಲು ಅಡಿಗೆಗೆ ಕೀಳಿರಿ. ಅರ್ಧ ಸಾಲು ಹೂವಾಗಲು ಬಿಡಿರಿ. ಹದಿನೈದು ದಿನಕ್ಕೊಮ್ಮೆ ತುಸು ತುಸು ಬಿತ್ತಿದರೆ ಯಾವಾಗಲೂ ಹೂವು ಇರುತ್ತದೆ. ಕಡೆಗೆ ಕಾಳೂ ಸಿಗುತ್ತದೆ. ಅಜವಾನ ಹಾಕಿದರೆ ಹೊಟ್ಟೆ ಉಬ್ಬರಕ್ಕೆ ಮನೆಯ ಮದ್ದು ಮನೆಯಲ್ಲೇ.

ಕೊತ್ತಂಬರಿ ಹಾಕಿದ ಕೂಡಲೇ ಹುಳ ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಕಡಿಮೆ ಆಗುತ್ತದೆ, ಅಷ್ಟೇ. ಕೈಕೆಲಸ ಬಿಡುವಂತಿಲ್ಲ. ವಾರಕ್ಕೆ ಎರಡು ಸಲ ಬದನೆ ಮಡಿಯಲ್ಲಿ ತಿರುಗಿರಿ. ಬಾಡಿದ ಕುಡಿ ಕಂಡರೆ ಒಂದು ಬೆರಳು ಕೆಳಗೆ ಚಿವುಟಿರಿ. ಅದರಲ್ಲಿ ಹುಳ ಇರುತ್ತದೆ. ಅಲ್ಲೇ ಒಗೆಯಬೇಡಿರಿ. ಒಲೆಗೆ ಹಾಕಿರಿ. ತೂತು ಬಿದ್ದ ಕಾಯಿಯನ್ನೂ ತಿಪ್ಪೆಗೆ ಒಗೆಯಬೇಡಿರಿ, ಅಲ್ಲಿಂದ ಮತ್ತೆ ಪತಂಗ ಆಗಿ ಬರುತ್ತದೆ.

ಚೆಂಡುಹೂ ದೇವರಿಗೂ ಟೊಮೆಟೊಗೂ

ದಸರಾ, ದೀಪಾವಳಿಗೆ ನಾವು ಚೆಂಡುಹೂ ಬೆಳೆಯುತ್ತೇವೆ. ಮರಾಠಿಯಲ್ಲಿ ಝೆಂಡು ಎನ್ನುತ್ತಾರೆ. ಇದು ಟೊಮೆಟೊದ ಒಳ್ಳೆಯ ಜೋಡಿ.

ಬೆಂಗಳೂರಿನ ಹತ್ತಿರ ಹೆಸರಘಟ್ಟ ಎಂಬ ಊರಿದೆ. ಅಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯ ವಿಜ್ಞಾನಿಗಳು 1990ರ ದಶಕದಲ್ಲಿ ಒಂದು ಪದ್ಧತಿ ತೋರಿಸಿಕೊಟ್ಟರು. 16 ಸಾಲು ಟೊಮೆಟೊಗೆ 1 ಸಾಲು ಚೆಂಡುಹೂ. ಎತ್ತರ ಬೆಳೆಯುವ, ಹಳದಿ ದೊಡ್ಡ ಹೂವಿನ ಜಾತಿ ಬೇಕು. ಟೊಮೆಟೊ ಸಸಿ 25 ದಿನದ್ದು ಇರಬೇಕು. ಚೆಂಡುಹೂವಿನ ಸಸಿ 45 ದಿನದ್ದು ಇರಬೇಕು. ಯಾಕೆ ಈ ಲೆಕ್ಕ? ಎರಡೂ ಒಂದೇ ಕಾಲಕ್ಕೆ ಹೂವಾಗಲಿ ಎಂದು. ಕಾಯಿ ಕೊರೆಯುವ ಹುಳದ ಪತಂಗಕ್ಕೆ ಟೊಮೆಟೊಗಿಂತ ಚೆಂಡುಹೂವಿನ ಮೊಗ್ಗು ಹೆಚ್ಚು ಸೇರುತ್ತದೆ. ಅದು ಅಲ್ಲಿ ಹೋಗಿ ತತ್ತಿ ಇಡುತ್ತದೆ. ಟೊಮೆಟೊ ಉಳಿಯುತ್ತದೆ.

ನಮ್ಮ ಹಿತ್ತಲದಲ್ಲಿ 16 ಸಾಲು ಎಲ್ಲಿ ಬರಬೇಕು? ಹತ್ತು ಫೂಟು ಉದ್ದ, ಹತ್ತು ಫೂಟು ಅಗಲದ ಮಡಿ ಇದ್ದರೆ ಒಂದು ಅಂಚಿಗೆ ಒಂದು ಸಾಲು ಸಾಕು. ಚೆಂಡುಹೂವಿನಲ್ಲಿ ಹುಳ ಕಂಡರೆ ಆರಿಸಿ ಕೋಳಿಗೆ ಹಾಕಿರಿ. ಆರಿಸದೆ ಬಿಟ್ಟರೆ ಹುಳಕ್ಕೆ ನಾವೇ ಮನೆ ಕಟ್ಟಿ ಕೊಟ್ಟಂತೆ.

ಚೆಂಡುಹೂವಿನ ಇನ್ನೊಂದು ಗುಣ ಬೇರಿನಲ್ಲಿದೆ. ಸೊರಗಿದ ಟೊಮೆಟೊ ಗಿಡ ಕಿತ್ತು ನೋಡಿರಿ. ಬೇರಿನ ಮೇಲೆ ಗಂಟು ಗಂಟು ಇದೆಯೇ? ಅದು ಮಣ್ಣಿನಲ್ಲಿರುವ ನೂಲಿನಂಥ ಜಂತುವಿನ ಕೆಲಸ. ಕಣ್ಣಿಗೆ ಕಾಣುವುದಿಲ್ಲ. ಚೆಂಡುಹೂವಿನ ಬೇರಿನಲ್ಲಿರುವ ಒಂದು ರಸ ಈ ಜಂತುವಿಗೆ ಆಗಿಬರುವುದಿಲ್ಲ. ಆದರೆ ಮೂಲೆಗೆ ಒಂದು ಗಿಡ ಹಚ್ಚಿದರೆ ನಡೆಯದು. ಗಂಟು ಬಿದ್ದ ಮಡಿಯ ತುಂಬ ಎರಡು ಮೂರು ತಿಂಗಳು ಒತ್ತಾಗಿ ಚೆಂಡುಹೂವನ್ನೇ ಬೆಳೆಯಬೇಕು. ಹೂವು ಹಬ್ಬಕ್ಕೆ ಹರಿಯಿರಿ. ಗಿಡವನ್ನು ಅಲ್ಲೇ ಕಡಿದು ಮಣ್ಣಿಗೆ ಕೂಡಿಸಿರಿ. ಆಮೇಲೆ ಟೊಮೆಟೊ ಹಚ್ಚಿರಿ.

ತುಳಸಿಯನ್ನು ಹೀರೆ, ಸವತೆ, ಹಾಗಲ ಬಳ್ಳಿಯ ಹತ್ತಿರ ಹಚ್ಚಿರಿ. ಈ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಜೇನು ಬಂದರೇ ಕಾಯಿ ಹಿಡಿಯುತ್ತದೆ. ತುಳಸಿಯ ತೆನೆಗೆ ಜೇನು ಬಲು ಬರುತ್ತವೆ.

ನೀರು ಎಲ್ಲಿಂದ ತರೋಣ?

ಒಬ್ಬ ಆಯಿ ಸಿಟ್ಟಿಗೆದ್ದಳು. "ಕುಡಿಯಾಕ ಟ್ಯಾಂಕರ್ ಹಾದಿ ಕಾಯ್ತೀವಿ. ಗಿಡಕ್ಕ ಎಲ್ಲಿಂದ ತರೂಣವಾ?"

ಆಯಿಯ ಮಾತು ಖರೆ. ನಮ್ಮ ಜತ್ತ ತಾಲೂಕು ಸಹ್ಯಾದ್ರಿಯ ಮಳೆ ನೆರಳಿನಲ್ಲಿದೆ. ಮಳೆ ಕಡಿಮೆ, ಅದೂ ಹೆಚ್ಚಾಗಿ ಸಪ್ಟೆಂಬರಿಗೆ ಬರುತ್ತದೆ. ಮ್ಹೈಸಾಳದಿಂದ ಕೃಷ್ಣಾ ನದಿಯ ನೀರು ಎತ್ತಿ ತಾಲೂಕಿನ ಕೆಲವು ಊರಿಗೆ ತಂದಿದ್ದಾರೆ. ಎಲ್ಲರ ಹಿತ್ತಲಕ್ಕೆ ಅದು ಬರುವುದಿಲ್ಲ. ಆದ್ದರಿಂದ ಕಡಿಮೆ ನೀರಿನ ಗಿಡ ಯಾವುದು, ಹೆಚ್ಚು ನೀರಿನ ಗಿಡ ಯಾವುದು ಎಂದು ಆರಿಸಿ ಜಾಗ ಕೊಡಬೇಕು.

ಲೋಳೆಸರಕ್ಕೆ (ಕೋರಫಡ) ನೀರು ಬೇಡ. ಹೆಚ್ಚು ನೀರು ಹಾಕಿದರೆ ಬೇರು ಕೊಳೆಯುತ್ತದೆ. ಅದನ್ನು ಮಡಿಯ ಒಳಗೆ ಹಚ್ಚಬೇಡಿರಿ, ಒಣ ಬದುವಿಗೆ ಹಚ್ಚಿರಿ. ಒಲೆ ಮುಂದೆ ಕೈ ತುಸು ಸುಟ್ಟರೆ ಮೊದಲು ತಣ್ಣೀರು ಹಾಕಿ, ಆಮೇಲೆ ಅದರ ಒಳಗಿನ ಬಿಳಿ ಲೋಳೆ ಹಚ್ಚಬಹುದು. ಸಿಪ್ಪೆಯ ಕೆಳಗಿನ ಹಳದಿ ರಸ ಹೊಟ್ಟೆಗೆ ಹೋದರೆ ಭೇದಿ ಆಗುತ್ತದೆ. ಗವತಿ ಚಹಾದ ಹುಲ್ಲು ಬದುವಿನ ಮಣ್ಣು ಹಿಡಿಯುತ್ತದೆ. ಅದರ ಮೆಳೆ ದೊಡ್ಡದು, ಸಣ್ಣ ಪಲ್ಲೆಗೆ ನೆರಳು ಮಾಡುತ್ತದೆ, ದೂರ ಇಡಿರಿ. ಪುದೀನಾ ಸಿಕ್ಕಲ್ಲಿ ಹಬ್ಬುತ್ತದೆ. ಒಡೆದ ಬಕೀಟಿನಲ್ಲಿ ಹಚ್ಚಿದರೆ ಛಲೋ.

ಬಚ್ಚಲ ನೀರನ್ನು ಸುಮ್ಮನೆ ಓಣಿಗೆ ಬಿಡಬೇಡಿರಿ. ಸಾಬೂನಿನ ನೀರು ಹಸಿಯಾಗಿ ತಿನ್ನುವ ಕೊತ್ತಂಬರಿಗೆ, ಪುದೀನಾಕ್ಕೆ ಬೇಡ. ಬೇಲಿಯ ಗಿಡಕ್ಕೆ, ಅರಿಶಿನಕ್ಕೆ ಬಿಡಬಹುದು. ಇನ್ನೊಂದು ಉಪಾಯ ಗಡಿಗೆಯದು. ಬಣ್ಣ ಬಳಿಯದ ಹಳೆಯ ಮಣ್ಣಿನ ಗಡಿಗೆ ತರಿರಿ. ಮಡಿಯ ನಡುವೆ ಕಂಠದವರೆಗೆ ಹುಗಿಯಿರಿ. ನೀರು ತುಂಬಿ ಮೇಲೆ ಮುಚ್ಚಿರಿ. ಸುತ್ತಲೂ ಒಂದು ಗೇಣು ದೂರಕ್ಕೆ ಬದನೆ, ಟೊಮೆಟೊ, ಕೊತ್ತಂಬರಿ ಹಚ್ಚಿರಿ. ಗಡಿಗೆಯ ನೀರು ಜಿನುಗಿ ಬೇರಿಗೇ ಮುಟ್ಟುತ್ತದೆ. ಬಿಸಿಲಿಗೆ ಹಾರಿ ಹೋಗುವುದಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ನೋಡಿ ತುಂಬಿರಿ. ಮಡಿಯ ಮೇಲೆ ಜೋಳದ ಕಣಿಕೆ, ಒಣ ಎಲೆ ಹಾಸಿರಿ.

ಗೊಬ್ಬರಕ್ಕೆ ನಮಗೆ ಚಿಂತೆ ಇಲ್ಲ. ಮಾಡಗ್ಯಾಳದ ಕುರಿ ಎಂದರೆ ಹೊರಗಿನವರಿಗೂ ಗೊತ್ತು. ಕುರಿ ಹಿಕ್ಕೆ ಹಳೆಯದಾಗಿ ಪುಡಿ ಆದ ಮೇಲೆ ಹಾಕಿರಿ. ಹಸಿ ಹಿಕ್ಕೆ ಸಸಿಯನ್ನು ಸುಡುತ್ತದೆ.

ಆಡು ಮುಟ್ಟದ ಸೊಪ್ಪು

ಕುರಿ, ಆಡು ಇದ್ದ ಊರಿನಲ್ಲಿ ಹಿತ್ತಲ ಉಳಿಯುವುದು ಕಷ್ಟ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಇದೆ. ಆದರೆ ಒಂದು ಸೊಪ್ಪನ್ನು ಆಡು ಮುಟ್ಟುವುದಿಲ್ಲ. ಅದೇ ಆಡುಸೋಗೆ. ಮರಾಠಿಯಲ್ಲಿ ಅಡುಳಸಾ. ಎಲೆ ಕಹಿ, ವಾಸನೆ ಕೆಟ್ಟದು. ದನ ಕೂಡ ತಿನ್ನುವುದಿಲ್ಲ. ಮಳೆಗಾಲದಲ್ಲಿ ಗೇಣುದ್ದದ ಕಡ್ಡಿ ಕತ್ತರಿಸಿ ಸಾಲಾಗಿ ಚುಚ್ಚಿರಿ. ಒಂದು ವರ್ಷಕ್ಕೆ ಬೇಲಿ ಆಗುತ್ತದೆ. ಬಿಳಿ ಹೂವಿಗೆ ಜೇನು ಬರುತ್ತವೆ. ಸವರಿದ ಸೊಪ್ಪು ಮಣ್ಣಿಗೆ ಗೊಬ್ಬರ.

ಆಡುಸೋಗೆ ಕೆಮ್ಮಿನ ಮದ್ದು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದರ ಎಲೆಯಲ್ಲಿ ವಾಸಿಸಿನ್ ಎಂಬ ಸತ್ವ ಇದೆ. ಆ ಸತ್ವದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕೆಮ್ಮಿನ ಔಷಧ ತಯಾರಾಯಿತು. ಈಗ ಅದು ಬಾಟಲಿಯಲ್ಲಿ, ಗುಳಿಗೆಯಲ್ಲಿ ಸಿಗುತ್ತದೆ.

ವರ್ಗದಲ್ಲಿ ಒಬ್ಬ ಅತ್ತೆ ಹೇಳಿದಳು, "ನಮ್ಮ ಸೊಸಿಗಿ ಕೆಮ್ಮ ಬಾಳ ಆಗೇತ್ರಿ. ನಾಳಿನ ಕಷಾಯ ಕುದಿಸಿ ಕೊಡ್ತೀನಿ."

ಸೊಸೆ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಐದು ತಿಂಗಳು.

"ಬ್ಯಾಡ್ರಿ ಯವ್ವಾ," ಅಂದಳು ಅಕ್ಕ. "ಬಸರಿ ಹೆಂಗಸಿಗಿ ಆಡುಸೋಗಿ ಕೊಡಬಾರದು. ಅದು ಗರ್ಭಚೀಲಾ ಹಿಂಡತೈತಿ."

ಅತ್ತೆ ಬಾಯಿ ಮೇಲೆ ಕೈ ಇಟ್ಟಳು. "ನಮ್ಮ ಆಯಿ ಹಡದ ಮ್ಯಾಲೆ ಕೊಡ್ತಿದ್ಲು. ಹಡಿಯೂಕಿಂತ ಮೊದ್ಲ ಕೊಟ್ಟದ್ದ ನಾ ನೋಡಿಲ್ಲ ಖರೇನ."

ಆಯಿಗೆ ಗೊತ್ತಿತ್ತು. ಮಾತು ಅರ್ಧ ಮಾತ್ರ ನಮ್ಮವರೆಗೆ ಬಂತು. ಬಸುರಿಯರಿಗೆ ಲೋಳೆಸರದ ರಸವನ್ನೂ ಹೊಟ್ಟೆಗೆ ಕೊಡಬೇಡಿರಿ. ಕೂಸಿಗೆ ಯಾವ ಎಲೆಯ ರಸವನ್ನೂ ಕೇಳದೆ ಹಾಕಬೇಡಿರಿ. ಕೂಸು ಜೋರಾಗಿ ಉಸಿರಾಡುತ್ತಿದ್ದರೆ, ಉಸಿರು ತೆಗೆದುಕೊಳ್ಳುವಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ಅದು ನ್ಯುಮೋನಿಯಾ ಇರಬಹುದು. ಆವಾಗ ತುಳಸಿ ರಸ ಬೇಡ, ದವಾಖಾನೆ ಬೇಕು. ದೊಡ್ಡವರಿಗೆ ಎರಡು ವಾರ ದಾಟಿದ ಕೆಮ್ಮು ಇದ್ದರೆ ಕಫ ತಪಾಸಣೆ ಮಾಡಿಸಿರಿ. ಕ್ಷಯ ಇದ್ದರೂ ಇರಬಹುದು. ಸರಕಾರಿ ದವಾಖಾನೆಯಲ್ಲಿ ತಪಾಸಣೆ ಪುಕ್ಕಟೆ. ಊರಿನ ಆಶಾ ತಾಯಿಯನ್ನು ಕೇಳಿರಿ.

ಅರಿಶಿನದ ಖಟ್ಲೆ

ನಮ್ಮ ಸಾಂಗಲಿ ಅರಿಶಿನದ ಪೇಟೆ. 2018ರಲ್ಲಿ ಸಾಂಗಲಿ ಅರಿಶಿನಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಬೇರೆ ಕಡೆಯ ಅರಿಶಿನವನ್ನು ಸಾಂಗಲಿಯದು ಎಂದು ಮಾರುವಂತಿಲ್ಲ. ಜತ್ತದ ಒಣ ನೆಲದಲ್ಲಿ ಅರಿಶಿನದ ಹೊಲ ಮಾಡುವುದು ಕಷ್ಟ, ಅದಕ್ಕೆ ನೀರು ಬೇಕು. ಆದರೆ ಬಚ್ಚಲ ನೀರು ಹರಿಯುವ ಜಾಗದಲ್ಲಿ, ಗಿಡದ ನೆರಳಿನಲ್ಲಿ ಐದಾರು ಕೊಂಬು ಬೆಳೆಯಬಹುದು. ಮಿರಗ ಮಳೆಗೆ ಊರಿರಿ. ನಡುನಡುವೆ ಮೆಣಸಿನ ಸಸಿ ಹಚ್ಚಿರಿ. ಅರಿಶಿನ ನೆಲದ ಕೆಳಗೆ ಬೆಳೆಯುತ್ತದೆ, ಮೆಣಸಿನಕಾಯಿ ಮೇಲೆ. ಒಂಬತ್ತು ತಿಂಗಳಿಗೆ ಎಲೆ ಒಣಗಿದ ಮೇಲೆ ಅಗೆಯಿರಿ.

ಈ ಅರಿಶಿನದ ಮೇಲೆ ಒಮ್ಮೆ ದೂರದ ದೇಶದಲ್ಲಿ ಖಟ್ಲೆ ನಡೆಯಿತು. 1995ರಲ್ಲಿ ಅಮೇರಿಕಾದಲ್ಲಿ, ಅರಿಶಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ ಪೇಟೆಂಟ್ ಕೊಟ್ಟರು. ಪೇಟೆಂಟ್ ಎಂದರೆ ಹೊಸದಾಗಿ ಕಂಡುಹಿಡಿದವರಿಗೆ ಸರಕಾರ ಕೊಡುವ ಹಕ್ಕು. ಕೈ ಕೊಯ್ದರೆ ಅರಿಶಿನ ಒತ್ತುವುದು ನಮ್ಮ ಮನೆಯ ಕೂಸಿಗೂ ಗೊತ್ತು. ಇದು ಹೊಸದು ಹೇಗೆ ಆದೀತು? ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ತಕರಾರು ಹಾಕಿತು. ಆಗ ಅದರ ಮುಖ್ಯಸ್ಥರು ಡಾ. ರಘುನಾಥ ಮಾಶೇಲಕರ. ಅಲ್ಲಿಯವರು ಬಾಯಿಮಾತು ಕೇಳುವುದಿಲ್ಲ. ಬರೆದದ್ದು ತೋರಿಸಿರಿ ಎಂದರು. ಹಳೆಯ ಸಂಸ್ಕೃತ ಗ್ರಂಥದ ಮಾತು, 1953ರಲ್ಲಿ ಅಚ್ಚಾದ ಒಂದು ವೈದ್ಯಕೀಯ ಲೇಖನ ಎಲ್ಲ ತೋರಿಸಿದರು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಬೇವಿನ ಮೇಲೂ ಯುರೋಪಿನಲ್ಲಿ ಹೀಗೇ ಆಗಿತ್ತು. 1994ರಲ್ಲಿ ಕೊಟ್ಟ ಪೇಟೆಂಟನ್ನು 2000ದಲ್ಲಿ ರದ್ದು ಮಾಡಿದರು. ಅಪೀಲು 2005ರಲ್ಲಿ ಬಿದ್ದುಹೋಯಿತು.

ಈ ಕಥೆ ಕೇಳಿ ಸಿಟ್ಟಾಗಿದ್ದ ಆಯಿ ನಕ್ಕಳು. "ಹಂಗಾದ್ರ ನಾ ಹೇಳೂದನ್ನ ಯಾರರ ಬರಕೊಳ್ರಿ ಮತ್ತ."

ಬೇವಿನ ಬೀಜದ ನೀರು

ಇಷ್ಟೆಲ್ಲ ಮಾಡಿದರೂ ಹುಳ ಹೆಚ್ಚಾದರೆ ಬೇವಿನ ಬೀಜ ಇದೆ. ಜೂನ್ ತಿಂಗಳ ಹೊತ್ತಿಗೆ ಬೇವಿನ ಹಣ್ಣು ಉದುರುತ್ತವೆ. ಆರಿಸಿ, ಸಿಪ್ಪೆ ತೆಗೆದು, ನೆರಳಿನಲ್ಲಿ ಒಣಗಿಸಿರಿ. ಬಿಸಿಲಿಗೆ ಹಾಕಬೇಡಿರಿ, ಸತ್ವ ಹೋಗುತ್ತದೆ. ಬೀಜ ಒಡೆದು ಒಳಗಿನ ತಿರುಳು ತೆಗೆಯಿರಿ. 1 ಲೀಟರ್ ನೀರಿಗೆ 50 ಗ್ರಾಂ ತಿರುಳು. ಕುಟ್ಟಿ, ಅರಿವೆಯಲ್ಲಿ ಕಟ್ಟಿ, ರಾತ್ರಿ ನೀರಿನಲ್ಲಿ ನೆನೆ ಇಡಿರಿ. ಮರುದಿನ ಹಿಂಡಿ ಸೋಸಿರಿ. ಎಲೆಗೆ ಅಂಟಲು ತುಸು ಸಾಬೂನಿನ ನೀರು ಕೂಡಿಸಿರಿ. ಅದೇ ದಿನ ಸಂಜೆ ಹೊಡೆಯಿರಿ. ಸಂಜೆ ಯಾಕೆ? ಆಗ ಜೇನು ಇರುವುದಿಲ್ಲ, ಬಿಸಿಲೂ ಇರುವುದಿಲ್ಲ. ಹೊಡೆದ ಕಾಯಿಯನ್ನು ಚೆನ್ನಾಗಿ ತೊಳೆದು ಬಳಸಿರಿ. ಬೇವಿನ ನೀರು, ಬೇವಿನ ಎಣ್ಣೆ ಮಕ್ಕಳ ಬಾಯಿಗೆ ಹೋಗದಂತೆ ಇಡಿರಿ.

ಬದನೆಕಾಯಿ ತಂದ ತಾಯಿ ಹೋಗುವಾಗ ಕೇಳಿದಳು, "ಆ ದ್ರಾಕ್ಷಿ ಔಷಧದ ಡಬ್ಬಿ ಏನ ಮಾಡ್ಲಿರಿ?"

"ಕೀಲಿ ಹಾಕಿದ ಪೆಟ್ಟಿಗ್ಯಾಗ ಇಡ್ರಿ. ಹಳ್ಳಕ್ಕ, ಬಾವಿಗಿ ಒಗಿಬ್ಯಾಡ್ರಿ. ನಾಳಿನ ವರ್ಗಕ್ಕ ಅದರ ಚೀಟಿ ನೋಡಿ ಬಣ್ಣ ಯಾವುದೈತಿ ಬರಕೊಂಡ ಬರ್ರಿ."

ಅಭ್ಯಾಸ

ಓದಿರಿ: ಕೊತ್ತಂಬರಿ, ಸಬ್ಬಸಗಿ, ಆಡುಸೋಗೆ, ಲೋಳೆಸರ, ಗುಲಗಂಜಿ, ಪತಂಗ, ಗರ್ಭಚೀಲ.

ಒಂದು ಮಾತಿನಲ್ಲಿ ಬರೆಯಿರಿ: ಆಡು ಮುಟ್ಟದ ಸೊಪ್ಪು ಯಾವುದು? ಅದನ್ನು ಯಾರಿಗೆ ಕೊಡಬಾರದು? ಬೇವಿನ ನೀರನ್ನು ಸಂಜೆಯೇ ಯಾಕೆ ಹೊಡೆಯಬೇಕು?

ಲೆಕ್ಕ ಮಾಡಿರಿ: 1 ಲೀಟರ್ ನೀರಿಗೆ 50 ಗ್ರಾಂ ಬೇವಿನ ತಿರುಳು ಬೇಕು. 4 ಲೀಟರಿಗೆ ಎಷ್ಟು? ನಿಮ್ಮಲ್ಲಿ 150 ಗ್ರಾಂ ಮಾತ್ರ ಇದ್ದರೆ ಎಷ್ಟು ಲೀಟರ್ ಮಾಡಬಹುದು?

ಮನೆಯಲ್ಲಿ ಮಾಡಿರಿ: ನಿಮ್ಮ ಆಯಿ, ಅತ್ತೆ ಅಥವಾ ನೆರೆಮನೆಯ ಹಿರಿಯರನ್ನು ಕೇಳಿರಿ. ಅವರಿಗೆ ಗೊತ್ತಿರುವ ಒಂದು ಮದ್ದಿನ ಗಿಡದ ಹೆಸರು ಬರೆಯಿರಿ. ಅದನ್ನು ಯಾವುದಕ್ಕೆ ಕೊಡುತ್ತಾರೆ, ಎಷ್ಟು ಕೊಡುತ್ತಾರೆ, ಯಾರಿಗೆ ಕೊಡಬಾರದು, ಮೂರನ್ನೂ ಬರೆಯಿರಿ. ಮೂರನೆಯದನ್ನು ಕೇಳಲು ಮರೆಯಬೇಡಿರಿ.